ದಾವೋಸ್‌ನ ಹಿಮ ವರದಿಯನ್ನು ಓದುವುದು ಹೇಗೆ?

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಬೀಜ ಚೀಲ ಸೇರಿ ಕ್ಯೂರಿಂಗ್ ವರ್ಕ್ಸ್‌ಗೆ ಹೊರಟ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಈಚಿನ ವರ್ಷಗಳಲ್ಲಿ ಆ ಮಾತಿಗೆ ಗುಲ್ಮಾರ್ಗ್, ಔಲಿ, ಮನಾಲಿಗಳ ಜೊತೆಗೆ ಆಲ್ಪ್ಸ್ ಪರ್ವತವೂ ಸೇರಿಕೊಂಡಿದೆ. ಜ್ಯೂರಿಕ್‌ನಲ್ಲೋ ಮ್ಯೂನಿಕ್‌ನಲ್ಲೋ ಕೆಲಸದಲ್ಲಿರುವ ಮಕ್ಕಳು ತಂದೆ ತಾಯಿಯನ್ನು ಹಿಮ ನೋಡಲು ಕರೆಸಿಕೊಳ್ಳುತ್ತಾರೆ. 2026ರ ಫೆಬ್ರುವರಿಯಲ್ಲಿ ಇಟಲಿಯ ಮಿಲಾನ್ ಮತ್ತು ಕೊರ್ಟಿನಾದ ಚಳಿಗಾಲದ ಒಲಿಂಪಿಕ್ಸ್ ಬೇರೆ ಸ್ಕೀಯಿಂಗ್ ಎಂಬ ಆಟವನ್ನು ನಮ್ಮ ಮನೆಗಳ ಟಿ.ವಿ. ಪರದೆಗೆ ತಂದಿತು. ಎರಡು ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಈ ಆಟದ ಬಗ್ಗೆ ಹಿಮವನ್ನೇ ಕಾಣದ ಊರಿನವರಾದ ನಮಗೆ ಪ್ರಶ್ನೆಗಳು ಹುಟ್ಟುವುದು ಸಹಜ.

ಅಂಥ ತಾಣಗಳು ದಿನವೂ ‘ಹಿಮ ವರದಿ’ ಎಂಬ ಪುಟ್ಟ ಮಾಹಿತಿಯನ್ನು ಪ್ರಕಟಿಸುತ್ತವೆ. ಮಾರ್ಚ್ ತಿಂಗಳ ಒಂದು ದಿನ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹೀಗೊಂದು ವರದಿ ಬಂದಿದೆ ಎಂದಿಟ್ಟುಕೊಳ್ಳೋಣ: ‘ಊರಿನಲ್ಲಿ ಹಿಮ 40 ಸೆಂ.ಮೀ., ಮೇಲಿನ ನಿಲ್ದಾಣದಲ್ಲಿ 150 ಸೆಂ.ಮೀ. ಕಳೆದ 24 ಗಂಟೆಗಳಲ್ಲಿ ಹೊಸ ಹಿಮ 20 ಸೆಂ.ಮೀ. ಶೂನ್ಯ ರೇಖೆ 2,000 ಮೀಟರ್. ಗಾಳಿ ವಾಯವ್ಯದಿಂದ, ಗಂಟೆಗೆ 50 ಕಿ.ಮೀ. ಹಿಮಕುಸಿತದ ಅಪಾಯ: ಹಂತ 3.’

ಈ ಐದಾರು ಅಂಕಿಗಳು ಅರ್ಥವಾದರೆ ಅಲ್ಲಿನ ಒಂದು ದಿನ ಹೇಗಿರುತ್ತದೆ, ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಲೇಬಾರದು ಎಂಬುದೆಲ್ಲ ತಿಳಿಯುತ್ತದೆ. ಬಹಳ ಜನ ಮೊದಲ ಅಂಕಿಯನ್ನು ಮಾತ್ರ ನೋಡುತ್ತಾರೆ. ನನ್ನ ಪ್ರಕಾರ ಹೊಸಬರು ಮೊದಲು ನೋಡಬೇಕಾದದ್ದು ಉಳಿದವುಗಳನ್ನು.

## ಮುಳ್ಳಯ್ಯನಗಿರಿಗಿಂತ ತಗ್ಗಿನ ಊರಿನಲ್ಲಿ ಹಿಮ ಏಕೆ?

ವಿಶ್ವ ಆರ್ಥಿಕ ವೇದಿಕೆಯ ಸಭೆಯಿಂದಾಗಿ ದಾವೋಸ್ ಹೆಸರು ಪ್ರತಿ ಜನವರಿಯಲ್ಲೂ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ಆ ಊರು ಸಮುದ್ರ ಮಟ್ಟದಿಂದ ಸುಮಾರು 1,560 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ನಮ್ಮ ಶಿಖರಕ್ಕಿಂತ 350 ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವ ಊರು ತಿಂಗಳುಗಟ್ಟಲೆ ಹಿಮ ಹೊದ್ದಿರುತ್ತದೆ. ಮುಳ್ಳಯ್ಯನಗಿರಿಯಲ್ಲಿ ಬೀಳುವುದು ಮಳೆ ಮತ್ತು ಇಬ್ಬನಿ, ಕವಿಯುವುದು ಮಂಜು.

ಕಾರಣ ಸೂರ್ಯನ ಕೋನ. ಚಿಕ್ಕಮಗಳೂರು ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರಕ್ಕಿದೆ, ದಾವೋಸ್ ಸುಮಾರು 47 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ ಕೊನೆಯ ವಾರದ ನಡುಹಗಲಿನಲ್ಲಿ ನಮ್ಮ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ; ದಾವೋಸ್‌ನಲ್ಲಿ ಬರೀ 20 ಡಿಗ್ರಿ. ಓರೆಯಾಗಿ ಬಿದ್ದ ಬಿಸಿಲು ಅಷ್ಟೇ ಶಾಖವನ್ನು ಹೆಚ್ಚು ನೆಲಕ್ಕೆ ಹಂಚಬೇಕಾಗುತ್ತದೆ, ಹಗಲೂ ಚಿಕ್ಕದು. ನೆಲ ಕಾಯುವುದಿಲ್ಲ. ಸಾಲದ್ದಕ್ಕೆ ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 80ಕ್ಕಿಂತ ಹೆಚ್ಚನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಒಮ್ಮೆ ಬಿದ್ದ ಹಿಮವೇ ಮುಂದಿನ ಚಳಿಯನ್ನು ಕಾಪಾಡುತ್ತದೆ.

ಇಲ್ಲಿಯೇ ‘ಶೂನ್ಯ ರೇಖೆ’ ಎಂಬ ಪದ ಬರುತ್ತದೆ. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹೀಗೆ ಇಳಿಯುತ್ತಾ ಶೂನ್ಯ ಡಿಗ್ರಿ ಮುಟ್ಟುವ ಎತ್ತರವೇ ಶೂನ್ಯ ರೇಖೆ. ಉಷ್ಣವಲಯದ ಮೇಲೆ ಅದು ಹೆಚ್ಚುಕಡಿಮೆ ನಾಲ್ಕೂವರೆಯಿಂದ ಐದು ಸಾವಿರ ಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಅಂಥದೇ ಇನ್ನೊಂದು ಬೆಟ್ಟ ಪೇರಿಸಿದರೂ ಹಿಮಕ್ಕೆ ಎಟುಕುವುದಿಲ್ಲ. ಆಲ್ಪ್ಸ್‌ನಲ್ಲಿ ಚಳಿಗಾಲದ ಬಹು ದಿನ ಆ ರೇಖೆ ಊರುಗಳಿಗಿಂತ ಕೆಳಕ್ಕೆ ಇಳಿದಿರುತ್ತದೆ, ಬೆಚ್ಚನೆಯ ಗಾಳಿ ಬಂದಾಗ ಮೇಲೇರುತ್ತದೆ.

ನಮ್ಮ ವರದಿಯ ಪ್ರಕಾರ ಅದು 2,000 ಮೀಟರಿನಲ್ಲಿದೆ. ಬೀಳುವ ಹಿಮ ಕರಗಲು ಸ್ವಲ್ಪ ಹೊತ್ತು ಹಿಡಿಯುವುದರಿಂದ ಶೂನ್ಯ ರೇಖೆಗಿಂತ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೆ ಹಿಮವಾಗಿಯೇ ಉಳಿಯುತ್ತದೆ. ಹಾಗಾಗಿ ಆ ದಿನ 1,700 ಮೀಟರಿನ ಮೇಲೆ ಹಿಮ, 1,560 ಮೀಟರಿನ ಊರಿನ ಬೀದಿಯಲ್ಲಿ ಮಳೆ. ಇದು ಆಲ್ಪ್ಸ್‌ನಲ್ಲಿ ಅಪರೂಪದ ಸಂಗತಿಯೇನಲ್ಲ. ವಾತಾವರಣ ಒಂದು ಡಿಗ್ರಿ ಬಿಸಿಯಾದರೆ ಈ ರೇಖೆ ಸುಮಾರು 150 ಮೀಟರ್ ಮೇಲಕ್ಕೆ ಸರಿಯುತ್ತದೆ. ತಗ್ಗಿನ ಸ್ಕೀ ಊರುಗಳ ಆತಂಕಕ್ಕೆ ಮೂಲ ಈ ಲೆಕ್ಕ.

ಎರಡು ಗೊಂದಲಗಳನ್ನು ಇಲ್ಲೇ ಬಿಡಿಸಿಬಿಡಬೇಕು. ಏಪ್ರಿಲ್ ಮಳೆಯಲ್ಲಿ ನಮ್ಮ ಗಿಡಗಳ ಎಲೆ ಹರಿಯುವ ಆಲಿಕಲ್ಲು ಹಿಮವಲ್ಲ. ಗುಡುಗಿನ ಮೋಡದೊಳಗಿನ ಏರುಗಾಳಿ ನೀರಿನ ಹನಿಗಳನ್ನು ಶೂನ್ಯ ರೇಖೆಯ ಮೇಲಕ್ಕೆ ಎತ್ತಿ, ಪದರದ ಮೇಲೆ ಪದರ ಹೆಪ್ಪುಗಟ್ಟಿಸಿ ಬೀಳಿಸುವ ಗಡ್ಡೆ ಅದು. ದಪ್ಪವಾಗಿರುವುದರಿಂದ ಪೂರ್ತಿ ಕರಗುವ ಮೊದಲೇ ನೆಲ ಮುಟ್ಟುತ್ತದೆ. ಜನವರಿಯಲ್ಲಿ ‘ಊಟಿಯಲ್ಲಿ ಹಿಮ’ ಎಂದು ಮೊಬೈಲ್‌ನಲ್ಲಿ ಹರಿದಾಡುವ ಬಿಳಿ ಹುಲ್ಲಿನ ಚಿತ್ರವೂ ಹಿಮಪಾತದ್ದಲ್ಲ. ನೆಲದ ಮಟ್ಟದ ತೇವ ರಾತ್ರಿಯ ಚಳಿಗೆ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿದ್ದು. ನಿಜವಾದ ಹಿಮ ಮೋಡದಲ್ಲೇ ನೀರಾವಿಯಿಂದ ನೇರವಾಗಿ ಹರಳಾಗಿ ಬೆಳೆಯುತ್ತದೆ.

## ಸೆಂಟಿಮೀಟರ್ ಹೇಳುವುದು, ಹೇಳದೆ ಬಿಡುವುದು

ವರದಿಯಲ್ಲಿ ಎರಡು ಆಳಗಳನ್ನು ಕೊಡುವುದು ಎರಡು ಎತ್ತರಗಳ ಹವೆ ಬೇರೆಯಾಗಿರುವುದರಿಂದ. ಮೇಲಿನ ಆಳ ಋತು ಎಷ್ಟು ದಿನ ಬಾಳುತ್ತದೆ ಎಂಬುದರ ಸೂಚನೆ. ಕೆಳಗಿನದು ಊರಿನವರೆಗೆ ಜಾರಿಕೊಂಡೇ ಬರಬಹುದೇ ಅಥವಾ ರೋಪ್‌ವೇಯಲ್ಲಿ ಇಳಿಯಬೇಕೇ ಎಂಬುದರ ಸೂಚನೆ. ದಾವೋಸ್‌ನ ಮೇಲಿನ ವೈಸ್‌ಫ್ಲೂಯೋಹ್ ಎಂಬಲ್ಲಿ, ಸುಮಾರು 2,540 ಮೀಟರ್ ಎತ್ತರದ ಮಾಪನ ಬಯಲಿನಲ್ಲಿ, 1936ರಿಂದ ಹಿಮವನ್ನು ಅಳೆದು ಬರೆದಿಡುತ್ತಿದ್ದಾರೆ. ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೆ ಮೀಸಲಾದ ಸ್ವಿಸ್ ಸಂಸ್ಥೆ ಇರುವುದೂ ಇದೇ ಊರಿನಲ್ಲಿ.

ನಮ್ಮ ಭಾಗದ ಕಾಫಿ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಪ್ರತಿದಿನ ಬೆಳಿಗ್ಗೆ ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಎಂದು ಬರೆಯುತ್ತಾರೆ. ಮಾರ್ಚ್‌ನಲ್ಲಿ ಬಂದ ಒಂದು ಇಂಚು ಹೂಮಳೆಯೂ ಡಿಸೆಂಬರಿನಲ್ಲಿ ಕಣದ ಹಣ್ಣಿನ ಮೇಲೆ ಸುರಿದ ಒಂದು ಇಂಚೂ ಪುಸ್ತಕದಲ್ಲಿ ಒಂದೇ ಅಂಕಿ. ತೋಟಕ್ಕೆ ಒಂದು ವರ, ಇನ್ನೊಂದು ನಷ್ಟ. ಹಿಮದ ಸೆಂಟಿಮೀಟರೂ ಹೀಗೆಯೇ. ಯಾವ ಚಳಿಯಲ್ಲಿ, ಯಾವ ಗಾಳಿಯಲ್ಲಿ, ಯಾವುದರ ಮೇಲೆ ಬಿತ್ತು ಎಂದು ಕೇಳದೆ ಅಂಕಿಗೆ ಅರ್ಥವಿಲ್ಲ.

ಗಟ್ಟಿ ಚಳಿಯಲ್ಲಿ, ಗಾಳಿಯಿಲ್ಲದಾಗ ಬಿದ್ದ ಹೊಸ ಹಿಮದ ಒಂದು ಘನ ಮೀಟರ್ ತೂಕ 50ರಿಂದ 100 ಕಿಲೋ. ಅಷ್ಟೇ ನೀರಿನ ತೂಕ ಸಾವಿರ ಕಿಲೋ. ಒಳಗೆಲ್ಲ ತುಂಬಿರುವುದು ಗಾಳಿ. ಸ್ಥೂಲವಾಗಿ, ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಒಂದು ಸೆಂಟಿಮೀಟರ್ ನೀರು. ಕೆಲವು ದಿನ ಕಳೆದು ಕುಸಿದ ಹಿಮ ಘನ ಮೀಟರಿಗೆ 200ರಿಂದ 300 ಕಿಲೋ ತೂಗುತ್ತದೆ. ಹೀಗಾಗಿ ನಿನ್ನೆ 170 ಸೆಂಟಿಮೀಟರ್ ಇದ್ದದ್ದು ಇಂದು 150 ಆಯಿತೆಂದರೆ ಹಿಮ ಕರಗಿಹೋಯಿತು ಎಂದೇ ಅರ್ಥವಲ್ಲ. ತನ್ನ ಭಾರಕ್ಕೆ ತಾನೇ ಅಡಕಗೊಂಡಿರಬಹುದು.

## ಬಿದ್ದ ಹಿಮ ಬಿದ್ದಂತೆ ಇರುವುದಿಲ್ಲ

ಹಿಮದ ಹರಳು ಆರು ಮೂಲೆಯದು. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಬದಿಯ ಜೋಡಣೆಯಲ್ಲಿ ಕೂರುವುದೇ ಇದಕ್ಕೆ ಕಾರಣ. ಅಮೆರಿಕದ ವಿಲ್ಸನ್ ಬೆಂಟ್ಲಿ 1885ರಲ್ಲಿ ಒಂಟಿ ಹರಳಿನ ಛಾಯಾಚಿತ್ರ ತೆಗೆದರು. ಜಪಾನಿನ ಉಕಿಚಿರೊ ನಕಾಯ 1936ರಲ್ಲಿ ಪ್ರಯೋಗಾಲಯದಲ್ಲೇ ಹರಳನ್ನು ಬೆಳೆಸಿ, ಉಷ್ಣಾಂಶ ಮತ್ತು ತೇವಾಂಶ ಬದಲಾದಂತೆ ಹರಳಿನ ಆಕಾರ ಬದಲಾಗುತ್ತದೆ ಎಂದು ತೋರಿಸಿದರು. ಮೈನಸ್ 15 ಡಿಗ್ರಿಯ ಆಸುಪಾಸಿನಲ್ಲಿ ಕವಲೊಡೆದ, ಅಗಲವಾದ ನಕ್ಷತ್ರಗಳು ಬೆಳೆಯುತ್ತವೆ. ಇವು ಬಿಡಿಬಿಡಿಯಾಗಿ ಒಂದರ ಮೇಲೊಂದು ಕೂತಾಗ ಸಿಗುವುದೇ ಸ್ಕೀ ಪ್ರಿಯರು ಹಾತೊರೆಯುವ ‘ಪೌಡರ್’, ಪುಡಿಹಿಮ. ಅದರಲ್ಲಿ ಜಾರುವಾಗ ಸದ್ದೇ ಇರುವುದಿಲ್ಲ, ಹಲಗೆ ಹಿಮದೊಳಗೆ ಮುಳುಗಿ ತೇಲುತ್ತದೆ. ಅದೇ ಪುಡಿಹಿಮದಲ್ಲಿ ಹೊಸಬರು ಎರಡು ಹೆಜ್ಜೆಗೂ ತಡವರಿಸುತ್ತಾರೆ. ಆಳದಲ್ಲಿ ಮುಳುಗಿದ ಹಲಗೆಯನ್ನು ತಿರುಗಿಸಲು ಬೇರೆಯದೇ ಪಳಗಿಕೆ ಬೇಕು.

ನೆಲ ಸೇರಿದ ಹರಳಿಗೆ ಮೊದಲ ಶತ್ರು ಗಾಳಿ. ಗಂಟೆಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದಾಟಿದ ಗಾಳಿ ಬಿದ್ದ ಹಿಮವನ್ನೇ ಎತ್ತಿ ಒಯ್ಯುತ್ತದೆ. ಉರುಳುವಾಗ ನಕ್ಷತ್ರದ ತೋಳುಗಳು ಮುರಿದು ಚೂರಾಗುತ್ತವೆ. ಚೂರುಗಳು ಬೆಟ್ಟದ ಮರೆಯ ಬದಿಯಲ್ಲಿ ಒತ್ತೊತ್ತಾಗಿ ಶೇಖರವಾಗಿ ಹಲಗೆಯಂಥ ಗಟ್ಟಿ ಪದರವಾಗುತ್ತವೆ. ನಮ್ಮ ವರದಿಯಲ್ಲಿ ಗಾಳಿ ವಾಯವ್ಯದಿಂದ ಬೀಸಿದೆ. ಹಾಗಾದರೆ ವಾಯವ್ಯಕ್ಕೆ ಮುಖ ಮಾಡಿದ ಇಳಿಜಾರು ಬೋಳಾಗಿರುತ್ತದೆ, ಆಗ್ನೇಯದ ಬದಿಯಲ್ಲಿ ಇಪ್ಪತ್ತರ ಬದಲು ನಲವತ್ತು ಸೆಂಟಿಮೀಟರ್ ತುಂಬಿದ್ದರೂ ಆಶ್ಚರ್ಯವಿಲ್ಲ. ಈ ತುಂಬಿದ ಬದಿಯೇ ಅಪಾಯದ ಬದಿ. ಅದನ್ನು ಮುಂದೆ ನೋಡೋಣ.

ಎರಡನೆಯದು ಬಿಸಿಲು. ಹಗಲು ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಗಾಜಿನ ಹಾಗೆ ತೆಳು ಹೆಕ್ಕಳೆ ಕಟ್ಟುತ್ತದೆ. ಕಾಲಿಟ್ಟರೆ ಒಡೆದು ಒಳಗೆ ಸಿಕ್ಕಿಕೊಳ್ಳುವ ಈ ಹೆಕ್ಕಳೆಯಷ್ಟು ಮಂಡಿಗೆ ಕೆಟ್ಟದ್ದು ಇನ್ನೊಂದಿಲ್ಲ. ಆದರೆ ಇದೇ ಕರಗು ಹೆಪ್ಪು ಹಲವು ದಿನ ನಡೆದರೆ ಹಿಮ ದುಂಡನೆಯ ದಪ್ಪ ಕಾಳುಗಳಾಗುತ್ತದೆ. ಮಾರ್ಚ್, ಏಪ್ರಿಲ್‌ನ ಬೆಳಗಿನಲ್ಲಿ ಆ ಕಾಳಿನ ಮೇಲ್ಪದರ ಬೆರಳಿನಷ್ಟು ಮಾತ್ರ ಸಡಿಲವಾಗಿದ್ದು ಅಡಿ ಗಟ್ಟಿಯಾಗಿರುವ ಒಂದೆರಡು ಗಂಟೆ ಇರುತ್ತದೆ. ವಸಂತದ ಆ ಹೊತ್ತಿಗಾಗಿಯೇ ಜನ ಕಾದು ಕೂರುತ್ತಾರೆ. ಹೊತ್ತು ಮೀರಿದರೆ ಅದೇ ಹಿಮ ನೀರು ತುಂಬಿದ ಕೆಸರಾಗುತ್ತದೆ.

ಮೂರನೆಯದು ‘ಫಾನ್’ ಎಂಬ ಬೆಚ್ಚನೆಯ ಗಾಳಿ. ಮುಂಗಾರಿನ ಮೋಡ ಶೃಂಗೇರಿ, ಕೊಪ್ಪದ ಕಡೆ ಸುರಿದು ಕಡೂರಿನ ಬಯಲಿಗೆ ಬರುವ ಹೊತ್ತಿಗೆ ಬತ್ತಿರುವುದನ್ನು ನಾವು ಒಂದೇ ಜಿಲ್ಲೆಯೊಳಗೆ ನೋಡುತ್ತೇವೆ. ಆಲ್ಪ್ಸ್‌ನಲ್ಲೂ ದಕ್ಷಿಣದ ಗಾಳಿ ಇಟಲಿಯ ಬದಿಯಲ್ಲಿ ತೇವ ಇಳಿಸಿ, ಬೆಟ್ಟ ದಾಟಿ ಉತ್ತರಕ್ಕೆ ಇಳಿಯುವಾಗ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುತ್ತದೆ. ಫಾನ್ ಬೀಸಿದ ಒಂದೇ ರಾತ್ರಿಯಲ್ಲಿ ಕಣಿವೆಯ ಹಿಮ ಕಣ್ಣೆದುರೇ ಇಳಿದುಹೋಗಬಹುದು.

## ಹದ ಮಾಡಿದ ದಾರಿಗಳು, ಅವುಗಳ ಬಣ್ಣ

ಇಷ್ಟೆಲ್ಲ ಬದಲಾಗುವ ಹಿಮದ ಮೇಲೆ ಸಾಮಾನ್ಯ ಜನ ಜಾರಲು ಸಾಧ್ಯವಾಗಿರುವುದು ರಾತ್ರಿಪಾಳಿಯ ಕೆಲಸಗಾರರಿಂದ. ಸಂಜೆ ಲಿಫ್ಟ್‌ಗಳು ನಿಂತ ಮೇಲೆ ಅಗಲವಾದ ಪಟ್ಟಿ ಚಕ್ರದ ಯಂತ್ರಗಳು ಬೆಟ್ಟವೇರುತ್ತವೆ. ಮುಂದಿನ ಅಲಗು ಉಬ್ಬು ತಗ್ಗನ್ನು ಸಮ ಮಾಡುತ್ತದೆ, ಹಿಂದಿನ ಉರುಳೆ ಹಿಮವನ್ನು ಪುಡಿಮಾಡಿ ಒತ್ತಿ ಸಣ್ಣ ಗೆರೆಗಳನ್ನು ಬಿಡುತ್ತದೆ. ಹೀಗೆ ಸಿದ್ಧವಾದ, ಕಂಬ ನೆಟ್ಟು ಗುರುತಿಸಿದ ದಾರಿಯನ್ನು ‘ಪಿಸ್ಟ್’ ಎನ್ನುತ್ತಾರೆ.

ದಾರಿಗಳಿಗೆ ಬಣ್ಣವಿದೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ನೀಲಿ ದಾರಿಯ ಇಳಿಜಾರು ಸಾಮಾನ್ಯವಾಗಿ ಶೇ 25ನ್ನು ಮೀರುವುದಿಲ್ಲ, ಅಂದರೆ ನೂರು ಮೀಟರ್ ಮುಂದೆ ಹೋದಾಗ 25 ಮೀಟರ್ ಇಳಿಯುತ್ತದೆ. ಕೆಂಪಿನದು ಶೇ 40ರವರೆಗೆ. ಫ್ರಾನ್ಸ್‌ನಲ್ಲಿ ನೀಲಿಗಿಂತಲೂ ಸುಲಭವಾದ ಹಸಿರು ದಾರಿ ಇರುತ್ತದೆ. ಆದರೆ ಬಣ್ಣ ಹೇಳುವುದು ಇಳಿಜಾರನ್ನು ಮಾತ್ರ, ಹಿಮದ ಸ್ಥಿತಿಯನ್ನಲ್ಲ. ಮಂಜುಗಡ್ಡೆಯಾದ ನೀಲಿ ದಾರಿ ಮೆತ್ತಗಿನ ಕೆಂಪಿಗಿಂತ ಕಷ್ಟ ಕೊಡುತ್ತದೆ.

ಮೇಲೆ ಹೋಗಲು ಮೂರು ಬಗೆಯ ಲಿಫ್ಟ್‌ಗಳಿವೆ: ಮುಚ್ಚಿದ ಗೊಂಡೋಲಾ, ಕುರ್ಚಿ ಲಿಫ್ಟ್, ಮತ್ತು ಹಗ್ಗಕ್ಕೆ ಕಟ್ಟಿದ ಅಡ್ಡಕೋಲಿಗೆ ಒರಗಿ ಹಿಮದ ಮೇಲೇ ಎಳೆಸಿಕೊಳ್ಳುವ ಎಳೆ ಲಿಫ್ಟ್. ಅಡ್ಡಕೋಲಿನ ಎಳೆ ಲಿಫ್ಟ್ ಮೊದಲು ಓಡಿದ್ದು ದಾವೋಸ್‌ನಲ್ಲೇ, 1934ರ ಡಿಸೆಂಬರಿನಲ್ಲಿ. ಎರಡು ವರ್ಷದ ಬಳಿಕ ಅಮೆರಿಕದ ಸನ್ ವ್ಯಾಲಿಯಲ್ಲಿ ಮೊದಲ ಕುರ್ಚಿ ಲಿಫ್ಟ್ ಬಂತು. ಅದನ್ನು ರೂಪಿಸಿದ ಎಂಜಿನಿಯರ್ ಜೇಮ್ಸ್ ಕರನ್‌ಗೆ ಮಾದರಿಯಾದದ್ದು ಹಡಗಿಗೆ ಬಾಳೆಗೊನೆ ತುಂಬುವ ಕೊಕ್ಕೆಗಳ ಸಾಲು. ಗೊನೆ ತೂಗುವ ಜಾಗದಲ್ಲಿ ಕುರ್ಚಿ ತೂಗಿಸಿದರು. ತೋಟದವರಾದ ನಮಗೆ ಖುಷಿ ಕೊಡುವ ಸಂಗತಿ ಇದು.

## ಬೆಳಗಿನಿಂದ ಸಂಜೆಯವರೆಗೆ

ದಿನ ಆರಂಭವಾಗುವುದು ಹಿಂದಿನ ಸಂಜೆಯೇ. ಚಳಿಗಾಲದಲ್ಲಿ ಸ್ವಿಸ್ ಸಂಸ್ಥೆಯ ಹಿಮಕುಸಿತ ವರದಿ ಸಂಜೆ 5 ಗಂಟೆಗೆ ಹೊರಬೀಳುತ್ತದೆ, ಬೆಳಿಗ್ಗೆ 8ಕ್ಕೆ ಪರಿಷ್ಕೃತ ವರದಿ. ರಾತ್ರಿಯಿಡೀ ಹಿಮ ಬಿದ್ದಿದ್ದರೆ ಬೆಳಿಗ್ಗೆ ದೂರದಿಂದ ಸ್ಫೋಟದ ಸದ್ದು ಕೇಳಿಸಬಹುದು. ಗಾಬರಿಯಾಗಬೇಕಿಲ್ಲ, ದಾರಿಯ ಮೇಲೆ ನಿಂತಿರುವ ಹಿಮವನ್ನು ಜನ ಬರುವ ಮೊದಲೇ ಉದ್ದೇಶಪೂರ್ವಕವಾಗಿ ಬೀಳಿಸುತ್ತಿರುತ್ತಾರೆ. ಅಂಥ ದಿನ ಮೇಲಿನ ಲಿಫ್ಟ್‌ಗಳು ತಡವಾಗಿ ತೆರೆಯುತ್ತವೆ. ಜೋರು ಗಾಳಿಯಿದ್ದರೆ ತೆರೆಯುವುದೇ ಇಲ್ಲ.

ಮೊದಲ ಲಿಫ್ಟ್‌ನ ಹೊತ್ತಿಗೆ ಪಿಸ್ಟ್ ಗಟ್ಟಿಯಾಗಿ, ಗೆರೆಗೆರೆಯಾಗಿ, ಖಾಲಿಯಾಗಿ ಇರುತ್ತದೆ. ಜಾರುವವರಿಗೆ ದಿನದ ಅತ್ಯುತ್ತಮ ಹೊತ್ತು ಇದೇ. ಹಲಗೆಯ ಅಂಚಿನ ಉಕ್ಕಿನ ಪಟ್ಟಿ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಅಡಿಯಲ್ಲಿ ಉಜ್ಜುವಿಕೆಯ ಶಾಖಕ್ಕೆ ಅತಿ ತೆಳುವಾದ ನೀರಿನ ಪೊರೆ ಹುಟ್ಟಿ ಹಲಗೆ ಜಾರುತ್ತದೆ. ಚಳಿ ಮೈನಸ್ 20 ಡಿಗ್ರಿ ದಾಟಿದರೆ ಆ ಪೊರೆ ಸರಿಯಾಗಿ ಹುಟ್ಟುವುದಿಲ್ಲ, ಹಿಮ ಹಲಗೆಯನ್ನು ಹಿಡಿದುಕೊಳ್ಳುತ್ತದೆ. ಕೆಸರು ಹಿಮದಲ್ಲಿ ನೀರು ಅತಿಯಾಗಿ ಅಂಟಿಸಿಕೊಳ್ಳುತ್ತದೆ. ಇದಕ್ಕಾಗಿಯೇ ಉಷ್ಣಾಂಶಕ್ಕೆ ತಕ್ಕ ಮೇಣವನ್ನು ಅಡಿಗೆ ಹಚ್ಚುತ್ತಾರೆ. ಮೊದಲ ಸಲ ಹೋದವರು ಕಲಿಯುವುದು ಹಲಗೆಗಳ ಮೂತಿಯನ್ನು ಹತ್ತಿರ ತಂದು, ಬಾಲವನ್ನು ಅಗಲಿಸಿ ವೇಗ ತಗ್ಗಿಸುವುದನ್ನು. ಅದನ್ನು ತರಬೇತುದಾರರಿಂದಲೇ ಕಲಿಯಬೇಕು. ನೆಂಟರಿಂದ ಕಲಿಯುತ್ತೇನೆ ಎಂದು ಹೊರಡುವುದು ಒಳ್ಳೆಯದಲ್ಲ.

ವಸಂತದ ದಿನವಾದರೆ ಸೂರ್ಯನನ್ನು ಹಿಂಬಾಲಿಸುವುದೇ ಕ್ರಮ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಉತ್ತರದ ಇಳಿಜಾರಿಗೆ ಬಿಸಿಲು ತಾಗುವುದೇ ಕಡಿಮೆ, ಅಲ್ಲಿ ಚಳಿಯ ಒಣ ಹಿಮ ದಿನಗಟ್ಟಲೆ ಉಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಈ ಲೆಕ್ಕದ ಅಗತ್ಯ ಕಡಿಮೆ; ಬಿಸಿಲಿಗೆ ಅಷ್ಟು ಕಸುವಿರುವುದಿಲ್ಲ.

ಮೋಡ ಕವಿದರೆ ನಮಗೆ ಗೊತ್ತಿಲ್ಲದ ಒಂದು ತೊಂದರೆ ಎದುರಾಗುತ್ತದೆ. ಸೀತಾಳಯ್ಯನಗಿರಿಯ ಮಂಜಿನಲ್ಲಿ ಕಾಲ ಬುಡದ ಕಲ್ಲಾದರೂ ಕಾಣುತ್ತದೆ. ಬಿಳಿ ನೆಲ, ಬಿಳಿ ಆಕಾಶದ ನಡುವೆ ನೆರಳೇ ಬೀಳದ ಕಾರಣ ಉಬ್ಬು ಯಾವುದು, ಗುಂಡಿ ಯಾವುದು ತಿಳಿಯುವುದಿಲ್ಲ. ನಿಂತಿದ್ದೇವೋ ಜಾರುತ್ತಿದ್ದೇವೋ ಎಂಬ ಅನುಮಾನವೂ ಬರುತ್ತದೆ. ಆಗ ಮರಗಳಿರುವ ತಗ್ಗಿನ ದಾರಿಗೆ ಇಳಿಯುವುದು ರೂಢಿ. ಮರದ ಕಪ್ಪು ಬಣ್ಣ ಕಣ್ಣಿಗೆ ಆಸರೆ ಕೊಡುತ್ತದೆ.

ಬಿಸಿಲಿದ್ದರೆ ಬೇರೆಯೇ ಎಚ್ಚರ. ಪ್ರತಿ ಸಾವಿರ ಮೀಟರ್ ಏರಿದಾಗ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ 80ರವರೆಗೆ ಮೇಲಕ್ಕೆ ಚಿಮ್ಮಿಸುತ್ತದೆ. ಗದ್ದದ ಕೆಳಗೂ ಮೂಗಿನ ಅಡಿಗೂ ಚರ್ಮ ಸುಡುತ್ತದೆ. ಕಪ್ಪು ಕನ್ನಡಕವಿಲ್ಲದೆ ದಿನ ಕಳೆದರೆ ಕಣ್ಣಿನ ಮೇಲ್ಪದರವೇ ಸುಟ್ಟು, ಸಂಜೆ ಕಣ್ಣು ಬಿಡಲಾರದಷ್ಟು ಉರಿಯುತ್ತದೆ. ನಮ್ಮ ಬಣ್ಣದ ಚರ್ಮಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ ತಪ್ಪು.

ಮಧ್ಯಾಹ್ನ ಮೂರರ ಹೊತ್ತಿಗೆ ನೂರಾರು ಜನ ಓಡಾಡಿದ ಪಿಸ್ಟ್ ಗುಪ್ಪೆಗುಪ್ಪೆಯಾಗಿರುತ್ತದೆ, ಗುಪ್ಪೆಗಳ ನಡುವೆ ಮಂಜುಗಡ್ಡೆ ಹೊಳೆಯುತ್ತದೆ, ಕಾಲು ದಣಿದಿರುತ್ತದೆ. ಮಂಡಿಯ ಅಸ್ಥಿರಜ್ಜು ಹರಿಯುವುದು ಈ ಆಟದ ಸಾಮಾನ್ಯ ಗಾಯ. ಬೀಳುವಾಗ ಕಾಲು ತಿರುಚದಂತೆ ಬೂಟು ಹಲಗೆಯಿಂದ ತಾನೇ ಕಳಚಿಕೊಳ್ಳುವ ಕೊಂಡಿ ಇರುತ್ತದೆ. ಬಾಡಿಗೆ ಅಂಗಡಿಯಲ್ಲಿ ತೂಕ, ಎತ್ತರ, ವಯಸ್ಸು ಕೇಳುವುದು ಆ ಕೊಂಡಿಯ ಬಿಗಿ ನಿರ್ಧರಿಸಲು. ಅಲ್ಲಿ ತೂಕವನ್ನು ಕಡಿಮೆ ಹೇಳಬಾರದು. ಲಿಫ್ಟ್ ಮುಚ್ಚಿದ ಮೇಲೆ ಪಿಸ್ಟ್ ಮೇಲೆ ಉಳಿಯುವುದೂ ಅಪಾಯ: ಕಡಿದಾದ ಕಡೆ ಹದ ಮಾಡುವ ಯಂತ್ರವನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿರುತ್ತಾರೆ, ಕತ್ತಲಲ್ಲಿ ಆ ಹಗ್ಗ ಕಾಣುವುದಿಲ್ಲ.

## ಹಂತ 3 ಎಂದರೆ ಎಷ್ಟು ಅಪಾಯ?

ಯುರೋಪಿನ ದೇಶಗಳು 1993ರಿಂದ ಒಂದೇ ಅಳತೆಗೋಲನ್ನು ಬಳಸುತ್ತಿವೆ. 1 ಕಡಿಮೆ, 2 ಮಿತ, 3 ಗಣನೀಯ, 4 ಹೆಚ್ಚು, 5 ಅತಿ ಹೆಚ್ಚು. ಐದರಲ್ಲಿ ಮೂರು ಎಂದರೆ ನಡುಮಧ್ಯೆ, ಪರವಾಗಿಲ್ಲ ಎಂದು ಯಾರಿಗಾದರೂ ಅನಿಸೀತು. ಈ ಓದು ಜೀವಕ್ಕೆ ಎರವಾಗುತ್ತದೆ. ಹಂತದಿಂದ ಹಂತಕ್ಕೆ ಅಪಾಯ ಸಮನಾಗಿ ಏರುವುದಿಲ್ಲ, ಹಲವು ಪಟ್ಟು ಏರುತ್ತದೆ. 4 ಮತ್ತು 5 ಇದ್ದ ದಿನ ಜನ ಹೆದರಿ ಹೊರಗೇ ಹೋಗುವುದಿಲ್ಲ; 3 ಇದ್ದ ದಿನ ಧೈರ್ಯ ಮಾಡುತ್ತಾರೆ. ಸ್ವಿಟ್ಜರ್ಲೆಂಡಿನ ಹಿಮಕುಸಿತದ ಸಾವುಗಳಲ್ಲಿ ದೊಡ್ಡ ಪಾಲು ಹಂತ 3ರ ದಿನಗಳದ್ದು.

ಹಿಮ ಏಕೆ ಕುಸಿಯುತ್ತದೆ? ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮದ ಅಡಿಯಲ್ಲಿ ನೆಲ ಶೂನ್ಯದ ಸಮೀಪ ಬೆಚ್ಚಗಿರುತ್ತದೆ, ಮೇಲಿನ ಗಾಳಿ ಕೊರೆಯುತ್ತಿರುತ್ತದೆ. ಈ ಅಂತರದಿಂದ ಒಳಗಿನ ಆವಿ ಮೇಲಕ್ಕೆ ಚಲಿಸಿ, ಹರಳುಗಳು ಒಂದಕ್ಕೊಂದು ಅಂಟದ ಒರಟು ಕಾಳುಗಳಾಗುತ್ತವೆ. ಇದು ದುರ್ಬಲ ಪದರ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿಯಿಂದ ಒತ್ತಿ ಗಟ್ಟಿ ಹಾಳೆಯಾದರೆ ಕುಸಿತಕ್ಕೆ ಸಿದ್ಧತೆ ಮುಗಿದಂತೆ. ಮೂವತ್ತು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಒಬ್ಬ ಮನುಷ್ಯನ ತೂಕವೇ ಸಾಕು. ಅಡಿಯ ಪದರ ಮುರಿದು, ಮುರಿತ ಕ್ಷಣದಲ್ಲಿ ಅಕ್ಕಪಕ್ಕ ಹರಡಿ, ಇಡೀ ಹಾಳೆ ಒಟ್ಟಿಗೆ ಜಾರುತ್ತದೆ. ಸಿಲುಕಿದವರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಕುಸಿತವನ್ನು ಎಬ್ಬಿಸಿದ್ದು ಅವರೇ ಅಥವಾ ಅವರ ಜೊತೆಗಿದ್ದವರು. ಯಾರೋ ಕೂಗಿದ ಸದ್ದಿಗೆ ಹಿಮ ಕುಸಿಯುತ್ತದೆ ಎಂಬುದು ಸಿನಿಮಾದ ಕಲ್ಪನೆ.

ಹೂತುಹೋದವರಿಗೆ ಸಮಯ ಬಹಳ ಕಡಿಮೆ. ಮೊದಲ ಹತ್ತು ನಿಮಿಷದೊಳಗೆ ಹೊರತೆಗೆದವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಆಮೇಲೆ ಆ ಪ್ರಮಾಣ ಕಡಿದಾಗಿ ಬೀಳುತ್ತದೆ. ಹೆಲಿಕಾಪ್ಟರ್ ಬರುವವರೆಗೆ ಕಾಯಲಾಗದು, ಉಳಿಸಬೇಕಾದವರು ಜೊತೆಗಾರರೇ. ಹಾಗಾಗಿ ಗುರುತಿನ ದಾರಿಯ ಹೊರಗೆ ಹೋಗುವ ಪಳಗಿದವರು 457 ಕಿಲೋಹರ್ಟ್ಸ್‌ನ ಸಂಕೇತ ಕಳಿಸುವ ಪುಟ್ಟ ರೇಡಿಯೊ ಸಾಧನ, ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ ಮತ್ತು ಸಲಿಕೆ ಮೂರನ್ನೂ ಹೊತ್ತಿರುತ್ತಾರೆ.

ಪ್ರವಾಸಿಗರಿಗೆ ಬೇಕಾದ ತಿಳಿವಳಿಕೆ ಇಷ್ಟು: ತೆರೆದಿರುವ, ಕಂಬಗಳ ನಡುವಿನ ಪಿಸ್ಟ್‌ಗಳನ್ನು ಆ ತಾಣದವರು ಕಾಯುತ್ತಾರೆ. ಕಂಬದ ಆಚೆ ಒಂದು ಹೆಜ್ಜೆ ಇಟ್ಟರೂ ಕಾಯುವವರಿಲ್ಲ. ಆಚೆ ಇನ್ನೊಬ್ಬರ ಹಲಗೆಯ ಗೆರೆ ಕಂಡಿತೆಂದು ಹಿಂಬಾಲಿಸುವುದು ಭದ್ರತೆಯಲ್ಲ.

## ಯಂತ್ರದ ಹಿಮ

ವರದಿಯಲ್ಲಿ ಕೆಲವೊಮ್ಮೆ ‘ಕೃತಕ ಹಿಮ’ ಎಂಬ ಉಲ್ಲೇಖವಿರುತ್ತದೆ. ಅದು ರಾಸಾಯನಿಕವಲ್ಲ, ನೀರೇ. ತುಂತುರು ಹನಿಗಳನ್ನು ಒತ್ತಡದಿಂದ ಚಳಿ ಗಾಳಿಗೆ ಚಿಮ್ಮಿಸಿದರೆ ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟುತ್ತವೆ. ಗಾಳಿ ಒಣಗಿದ್ದರೆ ಹನಿಯ ಸ್ವಲ್ಪ ಭಾಗ ಆವಿಯಾಗುತ್ತಾ ಉಳಿದದ್ದನ್ನು ತಣಿಸುವುದರಿಂದ ಶೂನ್ಯದ ಆಸುಪಾಸಿನಲ್ಲೂ ಹಿಮ ಮಾಡಬಹುದು. ತೇವದ ಗಾಳಿಯಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಕಡಿಮೆಯಿರಬೇಕು. ಆದ್ದರಿಂದ ಬೆಚ್ಚನೆಯ ವಾರದಲ್ಲಿ ಯಂತ್ರವಿದ್ದೂ ಪ್ರಯೋಜನವಿಲ್ಲ. ಈ ಹಿಮದಲ್ಲಿ ಆರು ತೋಳಿನ ನಕ್ಷತ್ರವಿಲ್ಲ, ದುಂಡು ಕಾಳುಗಳು ಮಾತ್ರ. ಒತ್ತಾಗಿ, ಭಾರವಾಗಿರುವುದರಿಂದ ನಿಧಾನ ಕರಗುತ್ತದೆ. ಬಿದ್ದರೆ ಮೈಗೆ ನೋವೂ ಹೆಚ್ಚು. 2022ರ ಬೀಜಿಂಗ್ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಇಂಥ ಹಿಮದ ಮೇಲೆಯೇ ನಡೆಯಿತು. ಭಾರತದಿಂದ ಹೋಗಿದ್ದ ಏಕೈಕ ಸ್ಪರ್ಧಿ, ಕಾಶ್ಮೀರದ ಆರಿಫ್ ಖಾನ್, ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಜೈಂಟ್ ಸ್ಲಾಲಂ ಸ್ಪರ್ಧೆಯಲ್ಲಿ 45ನೆಯವರಾದರು.

## ನಮ್ಮ ಹಿಮಾಲಯದಲ್ಲಿ

ಈ ತಿಳಿವಳಿಕೆಯೆಲ್ಲ ಗುಲ್ಮಾರ್ಗ್‌ಗೂ ಔಲಿಗೂ ಅನ್ವಯಿಸುತ್ತದೆ, ಕೆಲವು ವ್ಯತ್ಯಾಸಗಳೊಂದಿಗೆ. ಅಲ್ಲಿ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಗಾನಿಸ್ತಾನ ದಾಟಿ ಬರುವ ಹವೆಯ ಅಲೆಗಳು. ಹವಾಮಾನ ಇಲಾಖೆ ಇವನ್ನು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎನ್ನುತ್ತದೆ. ಅವು ದುರ್ಬಲವಾದ ವರ್ಷ ಹಿಮವಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲು ಕಂದು ಹುಲ್ಲಿನಿಂದ ಕೂಡಿತ್ತು. ಫೆಬ್ರುವರಿಯಲ್ಲಿ ಭಾರೀ ಹಿಮ ಬಿತ್ತು; 22ರಂದು ಅಲ್ಲಿನ ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ವಿದೇಶಿ ಸ್ಕೀಯಿಂಗ್ ಪ್ರವಾಸಿಯೊಬ್ಬರು ಸತ್ತರು. 2025ರಲ್ಲಿ ಹಿಮದ ಕೊರತೆಯಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಭಾಗವನ್ನು ಮಾರ್ಚ್‌ಗೆ ಮುಂದೂಡಬೇಕಾಯಿತು. ಈ ಕೂಟದಲ್ಲಿ ಪದಕ ಗೆದ್ದವರಲ್ಲಿ ನಮ್ಮ ನೆರೆಯ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರೂ ಇದ್ದಾರೆ. ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್: ಇಳಿಜಾರಿನಲ್ಲಿ ಧುಮುಕುವುದಲ್ಲ, ಹಿಮ್ಮಡಿ ಸ್ವತಂತ್ರವಾಗಿರುವ ತೆಳು ಹಲಗೆಯಲ್ಲಿ ಕಿಲೋಮೀಟರ್‌ಗಟ್ಟಲೆ ಏರಿ ಇಳಿದು ಸಾಗುವುದು. ಶ್ವಾಸಕೋಶಕ್ಕೆ ಅದಕ್ಕಿಂತ ಕಠಿಣವಾದ ಆಟಗಳು ಕಡಿಮೆ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಮೊದಲ ಹಂತ ಸುಮಾರು 3,100 ಮೀಟರಿನ ಕೊಂಗ್‌ಡೂರಿಗೆ, ಎರಡನೆಯದು ಅಫರ್ವತ್ ಬೆಟ್ಟದ 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. ಅಷ್ಟು ಮೇಲೆ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಬೆಳಿಗ್ಗೆ ಶ್ರೀನಗರದಲ್ಲಿ ಇಳಿದು ಮಧ್ಯಾಹ್ನ ಅಲ್ಲಿ ನಿಂತವರಿಗೆ ತಲೆನೋವು, ಏದುಸಿರು ಬಂದರೆ ಅದು ಚಳಿಯಿಂದಲ್ಲ, ಎತ್ತರದಿಂದ, ಕೆಳಗಿಳಿಯುವುದೇ ಪರಿಹಾರ. ಆಲ್ಪ್ಸ್‌ಗೆ ಹೋಲಿಸಿದರೆ ಹದ ಮಾಡಿದ ದಾರಿಗಳು ಇಲ್ಲಿ ಕಡಿಮೆ, ಎರಡನೇ ಹಂತದ ಸುತ್ತಲಿನ ಬಹುಭಾಗ ತೆರೆದ ಬೆಟ್ಟ. ಹೊಸಬರ ಜಾಗ ಕೆಳಗಿನ ಬಯಲಿನ ಮೆದು ಇಳಿಜಾರುಗಳು. ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲಿಯೇ ಕಲಿಕೆಯ ಶಿಬಿರಗಳನ್ನು ನಡೆಸುತ್ತದೆ. ಹಿಮಾಲಯದ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿ.ಆರ್.ಡಿ.ಒ.) ಅಡಿಯ ಡಿ.ಜಿ.ಆರ್.ಇ. ಸಂಸ್ಥೆ ಹೊರಡಿಸುತ್ತದೆ. ಹೋಟೆಲಿನವರು ‘ಏನೂ ಆಗುವುದಿಲ್ಲ’ ಎಂದರೂ ಅದನ್ನು ಓದಿಯೇ ಮೇಲೇರಬೇಕು.

ಹೊರಡುವ ಮುನ್ನ ಪ್ರವಾಸ ವಿಮೆಯ ಕಾಗದವನ್ನೂ ಒಮ್ಮೆ ಪೂರ್ತಿ ಓದಬೇಕು. ಸಾಮಾನ್ಯ ಪಾಲಿಸಿಗಳಲ್ಲಿ ಅನೇಕವು ಚಳಿಗಾಲದ ಕ್ರೀಡೆಗಳನ್ನು ಹೊರಗಿಡುತ್ತವೆ. ಸೇರಿಸಿಕೊಂಡರೂ ಗುರುತಿನ ದಾರಿಯ ಆಚೆ ಆದ ಗಾಯಕ್ಕೆ ಹಣ ಕೊಡದಿರಬಹುದು. ಆಲ್ಪ್ಸ್‌ನಲ್ಲಿ ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದ ಖರ್ಚು ಗಾಯಾಳುವಿನ ಹೆಸರಿಗೇ ಬರುತ್ತದೆ. ಸ್ಕೀಯಿಂಗ್ ಸೇರಿದೆಯೇ, ಬೆಟ್ಟದ ಮೇಲಿನ ರಕ್ಷಣಾ ವೆಚ್ಚ ಸೇರಿದೆಯೇ, ಎಷ್ಟು ಎತ್ತರದವರೆಗೆ ಎಂಬ ಮೂರು ಪ್ರಶ್ನೆಗಳಿಗೆ ಏಜೆಂಟರ ಬಾಯಿಮಾತಿನ ಬದಲು ಬರಹದಲ್ಲೇ ಉತ್ತರ ಪಡೆಯಬೇಕು.